ಟ್ಯೂನ್ ಮಾಡಿದ ಟೂ ಸ್ಟ್ರೋಕ್ ಸ್ಕೂಟರು: ಎಂಜಿನ್ನಿನ ಕಾವು ಮತ್ತು ಅದರ ನಿಗಾ

ಟೂ ಸ್ಟ್ರೋಕ್ ಸ್ಕೂಟರಿನ ಎಂಜಿನ್ನಿಗೆ ದೊಡ್ಡ ಸಿಲಿಂಡರ್, ದೊಡ್ಡ ಕಾರ್ಬೊರೇಟರ್, ಬೇರೆ ಸೈಲೆನ್ಸರ್ ಹಾಕಿ ಶಕ್ತಿ ಹೆಚ್ಚಿಸಿದಾಗ ಅದರ ಜೊತೆಗೇ ಹೆಚ್ಚುವ ಕಾವನ್ನು ಅಳೆದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಮೊದಲೇ ಎಚ್ಚೆತ್ತುಕೊಳ್ಳುವ ಕ್ರಮವನ್ನು ಉಷ್ಣ ನಿಗಾ ಎನ್ನಬಹುದು. ಇಟಲಿಯ ವೆಸ್ಪಾ, ಲ್ಯಾಂಬ್ರೆಟಾ, ಅವುಗಳಿಂದಲೇ ಹುಟ್ಟಿದ ಭಾರತದ ಬಜಾಜ್ ಚೇತಕ್, ಎಲ್‌ಎಂಎಲ್, ವಿಜಯ್ ಸೂಪರ್ ಮುಂತಾದ ಗೇರ್ ಸ್ಕೂಟರುಗಳು ಈ ಲೇಖನದ ಮುಖ್ಯ ವಸ್ತು. ನಿಗಾಕ್ಕೆ ಬಳಸುವ ಅಳತೆಗಳು ಎರಡು: ಸಿಲಿಂಡರ್ ಹೆಡ್ಡಿನ ಕಾವು ಮತ್ತು ಸಿಲಿಂಡರಿನಿಂದ ಹೊರಬೀಳುವ ಹೊಗೆಯ ಕಾವು. ಎರಡೂ ಒಂದೇ ಎಂಜಿನ್ನಿನವಾದರೂ ಒಂದೇ ಕಥೆ ಹೇಳುವುದಿಲ್ಲ. ಕೆಲವೊಮ್ಮೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಈ ವಿದ್ಯೆಯ ಕಷ್ಟವೂ ಸ್ವಾರಸ್ಯವೂ ಅಲ್ಲಿಯೇ ಇದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಪಿಯಾಜಿಯೊ ಸಂಸ್ಥೆಗೆ ವೆಸ್ಪಾ ರೂಪಿಸಿಕೊಟ್ಟ ಕೊರಾಡಿನೊ ದಾಸ್ಕಾನಿಯೊ ಮೂಲತಃ ವಿಮಾನ ಮತ್ತು ಹೆಲಿಕಾಪ್ಟರುಗಳ ಎಂಜಿನಿಯರ್. 1946ರಲ್ಲಿ ಹೊರಬಂದ ಮೊದಲ ವೆಸ್ಪಾದ್ದು 98 ಸಿಸಿ ಎಂಜಿನ್. ಸವಾರನ ಬಟ್ಟೆಗೆ ಎಣ್ಣೆ ಸಿಡಿಯಬಾರದೆಂದು ಆತ ಎಂಜಿನ್ನನ್ನು ಹಿಂಚಕ್ರದ ಪಕ್ಕಕ್ಕೆ ಸರಿಸಿ ತಗಡಿನ ಹೊಟ್ಟೆಯೊಳಗೆ ಮುಚ್ಚಿಟ್ಟ. ಬಟ್ಟೆಯೇನೋ ಉಳಿಯಿತು, ಆದರೆ ಎಂಜಿನ್ನಿಗೆ ಎದುರುಗಾಳಿ ತಪ್ಪಿತು. ಮೋಟಾರ್‌ಸೈಕಲ್ಲಿನ ಸಿಲಿಂಡರು ಓಡುವ ಗಾಳಿಗೆ ಮೈಯೊಡ್ಡಿ ತಣ್ಣಗಾಗುತ್ತದೆ. ಸ್ಕೂಟರಿನ ಸಿಲಿಂಡರಿಗೆ ಆ ಭಾಗ್ಯವಿಲ್ಲ. ಅದಕ್ಕಾಗಿ ಕ್ರ್ಯಾಂಕಿನ ತುದಿಯ ಮ್ಯಾಗ್ನೆಟ್ಟಿಗೇ ಫ್ಯಾನಿನ ಎಲೆಗಳನ್ನು ಎರಕಹೊಯ್ದು, ಅದು ಎಳೆದ ಗಾಳಿಯನ್ನು ತಗಡಿನ ಕವರಿನ ಮೂಲಕ ಸಿಲಿಂಡರಿನ ಫಿನ್ನುಗಳ ಮೇಲೆ ಹಾಯಿಸುವ ಏರ್ಪಾಟು ಬಂತು. ಮಿಲಾನಿನ ಇನೊಚೆಂಟಿ ಕಾರ್ಖಾನೆಯ ಲ್ಯಾಂಬ್ರೆಟಾ 1947ರಲ್ಲಿ ಬಂದಾಗ ಅದರ ಎಂಜಿನ್ ಬಯಲಲ್ಲೇ ಇತ್ತು, ಫ್ಯಾನ್ ಬೇಕಿರಲಿಲ್ಲ. 1950ರ ಎಲ್‌ಸಿ ಮಾದರಿಯಲ್ಲಿ ಮೈತುಂಬ ತಗಡು ಹೊದಿಸಿದ ಮೇಲೆ ಅದಕ್ಕೂ ಫ್ಯಾನ್ ಅನಿವಾರ್ಯವಾಯಿತು.

ಕಾರ್ಖಾನೆಯವರು ಇಷ್ಟನ್ನೂ ಅಳೆದು ತೂಗಿ ಮಾಡಿದ್ದರು. ಪುಣೆಯ ಬಜಾಜ್ ಸಂಸ್ಥೆ 1972ರಿಂದ ತಯಾರಿಸಿದ ಚೇತಕ್‌ನ ಬೋರ್ 57 ಮಿ.ಮೀ., ಸ್ಟ್ರೋಕ್ 57 ಮಿ.ಮೀ., ಒಟ್ಟು 145 ಸಿಸಿ, ಶಕ್ತಿ ಏಳೂವರೆ ಕುದುರೆಯ ಆಸುಪಾಸು. ಗಂಡ, ಹೆಂಡತಿ, ಮುಂದೆ ನಿಂತ ಮಗು, ಕಾಲ ಬಳಿ ಗ್ಯಾಸ್ ಸಿಲಿಂಡರ್ ಇವಿಷ್ಟನ್ನೂ ಹೊತ್ತು ಮೇ ತಿಂಗಳ ಬಿಸಿಲಲ್ಲಿ ಓಡಿದರೂ ಈ ಎಂಜಿನ್ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತಿತ್ತು. ತೊಂದರೆ ಶುರುವಾಗುವುದು ಮನುಷ್ಯನಿಗೆ ಅಷ್ಟು ಸಾಲದು ಅನ್ನಿಸಿದಾಗ. ಇಟಲಿಯ ಪೊಲಿನಿ, ಮಲೋಸಿ, ಪಿನಾಸ್ಕೊ ಕಂಪನಿಗಳು ದಶಕಗಳಿಂದ ಇಂಥವರಿಗಾಗಿಯೇ ಸಿಲಿಂಡರ್ ಕಿಟ್ಟುಗಳನ್ನು ಮಾರುತ್ತಿವೆ. 150 ಸಿಸಿ ವೆಸ್ಪಾಕ್ಕೆ 63 ಮಿ.ಮೀ. ಬೋರಿನ ಕಿಟ್ ಹಾಕಿದರೆ ಅದು 177 ಸಿಸಿ ಆಗುತ್ತದೆ. ತಕ್ಕ ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಸೇರಿದರೆ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಫ್ಯಾನ್ ಮಾತ್ರ ಹಳೆಯದೇ. ಎಷ್ಟೋ ಜನ ಪಿಕಪ್ ಹೆಚ್ಚಲೆಂದು ಮ್ಯಾಗ್ನೆಟ್ಟಿನ ತೂಕವನ್ನೂ ಲೇತಿನಲ್ಲಿ ಕೆತ್ತಿಸುತ್ತಾರೆ. ಆ ಭರದಲ್ಲಿ ಫ್ಯಾನಿನ ಎಲೆಗಳೂ ಸಣ್ಣಗಾದರೆ, ಇಬ್ಬರಿಗೆ ಅಡುಗೆ ಮಾಡುತ್ತಿದ್ದ ಒಲೆಯಲ್ಲಿ ನಾಲ್ವರಿಗೆ ಬೇಯಿಸಲು ಹೊರಟು ಚಿಮಣಿಯನ್ನು ಅರ್ಧ ಮುಚ್ಚಿದಂತೆ.

ಕಾವು ಹುಟ್ಟುವ ಬಗೆ

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಬೆಂಕಿ ಬೀಳುತ್ತದೆ. ಟೂ ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ. ನಿಮಿಷಕ್ಕೆ 6000 ಸುತ್ತಿನಲ್ಲಿ ಓಡುವ ಎಂಜಿನ್ನಿನ ಪಿಸ್ಟನ್ ತಲೆಯ ಮೇಲೆ ಸೆಕೆಂಡಿಗೆ ನೂರು ಸಲ ಬೆಂಕಿ ಬೀಳುತ್ತದೆ. ಮಧ್ಯೆ ಆರಲು ಒಂದು ಖಾಲಿ ಸುತ್ತು ಸಿಗುವುದಿಲ್ಲ. ಕೆಳಗಿನಿಂದ ಪಿಸ್ಟನ್ನಿಗೆ ಚಿಮ್ಮುವ ಎಣ್ಣೆಯ ತೊಟ್ಟಿಯೂ ಇಲ್ಲಿಲ್ಲ. ಅದನ್ನು ತಣಿಸುವುದು ಕ್ರ್ಯಾಂಕ್‌ಕೇಸಿನೊಳಗೆ ಮೊದಲು ಬಂದು, ಪಿಸ್ಟನ್ನಿನ ಒಳಮೈ ತೊಳೆದು ಮೇಲಕ್ಕೆ ಹೋಗುವ ಪೆಟ್ರೋಲ್ ಮಿಶ್ರಣವೇ. ಆದ್ದರಿಂದ ಟೂ ಸ್ಟ್ರೋಕಿಗೆ ಪೆಟ್ರೋಲು ಉರಿಯುವ ವಸ್ತು ಮಾತ್ರವಲ್ಲ, ತಣಿಸುವ ನೀರೂ ಅದೇ, ಎಣ್ಣೆ ಹೊತ್ತು ತರುವ ವಾಹಕವೂ ಅದೇ. ಅದು ಕಡಿಮೆಯಾದರೆ ಮೂರು ಕೆಲಸವೂ ಒಟ್ಟಿಗೆ ಕೆಡುತ್ತವೆ.

ಎಕ್ಸಾಸ್ಟ್ ಪೋರ್ಟಿನ ಕಡೆಯದು ಇನ್ನೊಂದು ಸಂಕಟ. ಸಿಲಿಂಡರಿನ ಒಂದು ಗೋಡೆಯಲ್ಲಿ ಹೊಸ ಮಿಶ್ರಣ ಒಳಬರುವ ತಂಪು ಕಿಂಡಿ, ಇನ್ನೊಂದು ಗೋಡೆಯಲ್ಲಿ ಬೆಂಕಿಯಂಥ ಹೊಗೆ ಹೊರಹೋಗುವ ಕಿಂಡಿ. ಹೀಗಾಗಿ ದುಂಡಗಿರಬೇಕಾದ ಸಿಲಿಂಡರು ಕಾದಾಗ ದುಂಡಗೆ ಉಳಿಯುವುದಿಲ್ಲ. ಕಚ್ಚಿಕೊಂಡ ಪಿಸ್ಟನ್ನನ್ನು ಹೊರತೆಗೆದು ನೋಡಿದರೆ ಗೀರುಗಳು ಬಹುಪಾಲು ಎಕ್ಸಾಸ್ಟ್ ಕಡೆಯೇ ಇರುತ್ತವೆ. ಬೆಳಗಿನ ತಣ್ಣನೆ ಎಂಜಿನ್ನನ್ನು ಕಿಕ್ ಹೊಡೆದ ಕೂಡಲೇ ಪೂರ್ತಿ ರೇಸ್ ಮಾಡಿದವರ ಪಿಸ್ಟನ್ನಿನಲ್ಲಿ ಮಾತ್ರ ಗೀರು ನಾಲ್ಕು ಮೂಲೆಗೂ ಸಮನಾಗಿ ಬಿದ್ದಿರುತ್ತದೆ: ಪಿಸ್ಟನ್ ಬೇಗ ಹಿಗ್ಗಿತು, ಸಿಲಿಂಡರಿಗೆ ಹಿಗ್ಗಲು ಪುರಸೊತ್ತು ಸಿಗಲಿಲ್ಲ.

ಕಚ್ಚುವ ಲೆಕ್ಕ ಕೈಬೆರಳಲ್ಲಿ ಎಣಿಸುವಷ್ಟು ಸರಳ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು ಒಂದು ಡಿಗ್ರಿ ಕಾದರೆ ತನ್ನ ಅಗಲದ ಹತ್ತು ಲಕ್ಷದಲ್ಲಿ ಸುಮಾರು 20 ಪಾಲು ಹಿಗ್ಗುತ್ತದೆ. ಬೀಡುಕಬ್ಬಿಣದ ಸಿಲಿಂಡರು ಹಿಗ್ಗುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಚೇತಕ್‌ನ 57 ಮಿ.ಮೀ. ಪಿಸ್ಟನ್ನಿನ ಬದಿ 150 ಡಿಗ್ರಿ ಹೆಚ್ಚು ಕಾಯಿತೆನ್ನೋಣ: ಅದು 0.17 ಮಿ.ಮೀ. ದಪ್ಪಗಾಗುತ್ತದೆ. ಸಿಲಿಂಡರು 110 ಡಿಗ್ರಿ ಹೆಚ್ಚು ಕಾದರೆ ಬೋರು ಅಗಲವಾಗುವುದು 0.066 ಮಿ.ಮೀ. ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು, ಸುಮಾರು ಒಂದು ತಲೆಗೂದಲ ದಪ್ಪ. ಕಬ್ಬಿಣದ ಸಿಲಿಂಡರಿನಲ್ಲಿ ಪಿಸ್ಟನ್ನಿಗೆ ಬಿಟ್ಟಿರುವ ಸಡಿಲವೂ ಹೆಚ್ಚುಕಡಿಮೆ ಅಷ್ಟೇ. ಮೇಲೆ ಇನ್ನು 20 ಡಿಗ್ರಿ ಹತ್ತಿದರೆ ಎಣ್ಣೆಯ ಪದರ ಹರಿದು ಲೋಹ ಲೋಹಕ್ಕೆ ತಾಗುತ್ತದೆ, ಹಿಂಚಕ್ರ ನಿಂತುಬಿಡುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ‘ಗಾಡಿ ಸೀಜ್ ಆಯ್ತು’.

ದುಬಾರಿ ಕಿಟ್ಟುಗಳಲ್ಲಿ ಕಬ್ಬಿಣದ ಬದಲು ಅಲ್ಯೂಮಿನಿಯಂ ಸಿಲಿಂಡರು, ಒಳಮೈಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪ ಇರುತ್ತದೆ. ಜರ್ಮನಿಯ ಮಾಲೆ ಸಂಸ್ಥೆ 1960ರ ದಶಕದಲ್ಲಿ ರೂಪಿಸಿದ ನಿಕಾಸಿಲ್ ಇದರ ಮೂಲ. ಅಲ್ಯೂಮಿನಿಯಂ ಬೀಡುಕಬ್ಬಿಣಕ್ಕಿಂತ ಸುಮಾರು ಮೂರು ಪಟ್ಟು ಬೇಗ ಕಾವನ್ನು ಸಾಗಿಸುತ್ತದೆ, ಪಿಸ್ಟನ್ನಿನ ಜೊತೆಗೇ ಹಿಗ್ಗುತ್ತದೆ. ಕಾವಿನ ತಂಟೆಗೆ ಒಂದೇ ಒಂದು ಭಾಗ ಬದಲಿಸುವ ಹಣವಿದ್ದರೆ ಅದನ್ನು ಹಾಕಬೇಕಾದ್ದು ಇಲ್ಲಿಗೆ, ಮಿನುಗುವ ಮೀಟರಿಗಲ್ಲ. ಅದರ ಅನನುಕೂಲ ಒಂದೇ: ಲೇಪ ಕೆತ್ತಿಹೋದರೆ ನಮ್ಮೂರ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸುವ ಹಳೆಯ ದಾರಿ ಮುಚ್ಚಿಹೋಗುತ್ತದೆ.

ಕಾವು ಹೆಚ್ಚಿಸುವ ದೋಷಗಳು

ಇವುಗಳಲ್ಲಿ ಮೊದಲನೆಯದು ತೆಳುಮಿಶ್ರಣ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿರುವುದು. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಪೂರ್ಣ ಶಕ್ತಿ ಬೇಕಾದಾಗ 12.5 ಅಥವಾ 13 ಭಾಗ ಗಾಳಿಯ ಗಟ್ಟಿಮಿಶ್ರಣ ಕೊಡುತ್ತಾರೆ. ಇದನ್ನು ನಿರ್ಧರಿಸುವುದು ಕಾರ್ಬೊರೇಟರಿನ ಮೈನ್ ಜೆಟ್ ಎಂಬ ಸಣ್ಣ ಹಿತ್ತಾಳೆ ತುಂಡು. ಇಟಲಿಯ ದೆಲೊರ್ತೊ ಜೆಟ್ಟಿನ ಮೇಲೆ 102 ಎಂದು ಕೊರೆದಿದ್ದರೆ ಅದರ ತೂತು 1.02 ಮಿ.ಮೀ. ಎಂದರ್ಥ. 102 ತೆಗೆದು 105 ಹಾಕಿದರೆ ತೂತಿನ ವಿಸ್ತೀರ್ಣ ಸುಮಾರು 6% ಹೆಚ್ಚುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಹೊಗೆಯ ಕಾವನ್ನು ಹತ್ತಾರು ಡಿಗ್ರಿ ಇಳಿಸಬಲ್ಲದು. ‘ಸೇಫ್ಟಿಗೆ ಇರಲಿ’ ಎಂದು ಎಣ್ಣೆ ಹೆಚ್ಚು ಸುರಿಯುವವರು ಒಂದನ್ನು ಮರೆಯುತ್ತಾರೆ: ಅದೇ ತೂತಿನಲ್ಲಿ ಎಣ್ಣೆ ಹೆಚ್ಚು ಹೋದಷ್ಟೂ ಪೆಟ್ರೋಲು ಕಡಿಮೆ ಹೋಗುತ್ತದೆ, ಮಿಶ್ರಣ ಅಷ್ಟರಮಟ್ಟಿಗೆ ತೆಳುವಾಗುತ್ತದೆ.

ಜೆಟ್ ಸರಿಯಿದ್ದೂ ಮಿಶ್ರಣ ತೆಳುವಾಗುವುದು ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗಿದಾಗ. ಕ್ರ್ಯಾಂಕಿನ ಎರಡು ತುದಿಗೂ ಆಯಿಲ್ ಸೀಲ್ ಇರುತ್ತದೆ. ಕ್ಲಚ್ ಕಡೆಯದು ಹರಿದರೆ ಗೇರ್ ಎಣ್ಣೆ ಸಿಲಿಂಡರಿಗೆ ಹೋಗಿ ಹಿಂದೆ ಬಿಳಿಹೊಗೆಯ ಮೋಡ ಏಳುತ್ತದೆ, ಯಾರಿಗಾದರೂ ತಿಳಿಯುತ್ತದೆ. ಮ್ಯಾಗ್ನೆಟ್ ಕಡೆಯದು ಹರಿದರೆ ಬರಿ ಗಾಳಿ ಹೋಗುತ್ತದೆ, ಹೊಗೆಯಿಲ್ಲ. ಆಗ ಸಿಗುವ ಸುಳಿವು ಒಂದೇ: ರೇಸ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯದೆ ಗೊಂಯ್ ಎಂದು ಕೂಗುತ್ತಲೇ ಇರುತ್ತದೆ. ಸಿಲಿಂಡರಿನ ಬುಡದ ಪ್ಯಾಕಿಂಗ್, ಕಾರ್ಬೊರೇಟರಿನ ಬುಡದ ಪ್ಯಾಕಿಂಗ್ ಸೋರಿದರೂ ಇದೇ ಲಕ್ಷಣ. ಇಂಥ ಎಂಜಿನ್ನಿಗೆ ಜೆಟ್ ದೊಡ್ಡದು ಮಾಡಿ ಸಮಾಧಾನಪಡುವುದು ಮುರಿದ ಮೂಳೆಗೆ ಅಮೃತಾಂಜನ ಹಚ್ಚಿದಂತೆ.

ಇಗ್ನಿಷನ್ ಟೈಮಿಂಗ್ ಬೇಗನಾದರೆ, ಹೆಡ್ಡಿನ ಒತ್ತಡ ಅತಿಯಾದರೆ, ಹೆಡ್ಡಿನ ಅಂಚಿಗೂ ಪಿಸ್ಟನ್ನಿಗೂ ನಡುವಿನ ಸಂದು ತಪ್ಪಿದರೆ ನಾಕಿಂಗ್ ಶುರುವಾಗುತ್ತದೆ. ಪ್ಲಗ್ಗಿನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುವುದು ನಾಕಿಂಗ್. ಅದು ಪಿಸ್ಟನ್ ಮೇಲಿನ ನಿಶ್ಚಲ ಗಾಳಿಯ ತೆಳುಪದರವನ್ನು ಚದುರಿಸಿಬಿಡುವುದರಿಂದ ಕಾವು ನೇರವಾಗಿ ಲೋಹಕ್ಕೆ ಇಳಿಯುತ್ತದೆ. ಪಿಸ್ಟನ್ನಿನ ಅಂಚು ಇಲಿ ಕಡಿದಂತೆ ಕಾಣುವುದು, ಕೊನೆಗೆ ನಡುವೆ ತೂತು ಬೀಳುವುದು ಇದರಿಂದ.

ಫ್ಯಾನಿನ ವಿಷಯದಲ್ಲಿ ಒಂದು ತಪ್ಪುಕಲ್ಪನೆ ವ್ಯಾಪಕವಾಗಿದೆ. ಗಾಡಿ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದು ಈ ಎಂಜಿನ್ನಿಗೆ ಹೆಚ್ಚು ಮುಖ್ಯವಲ್ಲ. ಫ್ಯಾನ್ ತಿರುಗುವುದು ಕ್ರ್ಯಾಂಕಿನ ಜೊತೆ. ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಕಿರುಚಿಕೊಂಡು ಹತ್ತುವ ಎಂಜಿನ್ನಿಗೆ ಗಾಳಿ ಸಮೃದ್ಧವಾಗಿ ಸಿಗುತ್ತಿರುತ್ತದೆ. ಶಬ್ದ ಕಡಿಮೆಯಾಗಲಿ, ಎಂಜಿನ್ನಿಗೆ ಹಿಂಸೆಯಾಗದಿರಲಿ ಎಂದು ನಾಲ್ಕನೇ ಗೇರಿಗೆ ಹಾಕಿ, ಪೂರ್ತಿ ರೇಸ್ ಹಿಡಿದು ಗುಡುಗುಡು ಹತ್ತಿಸುವವನ ಎಂಜಿನ್ನಿನಲ್ಲಿ ಬೆಂಕಿ ಪೂರ್ಣ, ಗಾಳಿ ಅರೆಬರೆ. ಮೀಟರ್ ಹಾಕಿಸಿದವರಿಗೆ ಮೊದಲು ಅರಿವಾಗುವ ಸತ್ಯಗಳಲ್ಲಿ ಇದು ಒಂದು.

ಮೀಟರಿಗಿಂತ ಹಿಂದೆ

ಹೆಡ್ಡಿನ ಕಾವು ತಿಳಿಯಲು ಹಳಬರು ಮಾಡುತ್ತಿದ್ದುದು ದೋಸೆ ಕಾವಲಿಗೆ ನೀರು ಚಿಮುಕಿಸುವ ಪರೀಕ್ಷೆಯನ್ನೇ. ಹನಿ ಮೆಲ್ಲಗೆ ಗುಳ್ಳೆಯೆದ್ದು ಆರಿದರೆ ನೂರರ ಸುತ್ತಮುತ್ತ, ಚುರ್ ಎಂದು ಕ್ಷಣದಲ್ಲಿ ಮಾಯವಾದರೆ ಅದಕ್ಕೂ ಮೇಲೆ, ಮುತ್ತಿನಂತೆ ಉರುಳಿ ಕುಣಿದರೆ 200 ಡಿಗ್ರಿಯ ಆಚೆ. ಒರಟಾದರೂ ಸುಳ್ಳಲ್ಲ. ಎರಡನೆಯದು ಪ್ಲಗ್ ಬಿಚ್ಚಿ ಅದರ ಮೂತಿಯ ಬಣ್ಣ ನೋಡುವುದು. ಪ್ಲಗ್ಗಿನ ಮೂತಿ ಸುಮಾರು 450 ಡಿಗ್ರಿ ಕಾದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ; 850 ದಾಟಿದರೆ ಕಿಡಿಗೆ ಕಾಯದೆ ತಾನೇ ಬೆಂಕಿ ಹಚ್ಚತೊಡಗುತ್ತದೆ. ಕಾಫಿಪುಡಿ ಬಣ್ಣವಿದ್ದರೆ ಸರಿ, ಕಪ್ಪು ಜಿಡ್ಡಾದರೆ ಗಟ್ಟಿಮಿಶ್ರಣ, ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಅಪಾಯ. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗುಗಳನ್ನು ಹೀಗೆ ಬೆಳಕಿಗೆ ಹಿಡಿದು ಓದುತ್ತಲೇ ಕರ್ನಾಟಕದ ಎಷ್ಟೋ ಮೆಕ್ಯಾನಿಕ್‌ಗಳು ಈ ವಿದ್ಯೆ ಕಲಿತರು. ಈಗಿನ ಪೆಟ್ರೋಲು ಮತ್ತು ಎಣ್ಣೆ ಮೊದಲಿನಷ್ಟು ಕಲೆ ಬಿಡುವುದಿಲ್ಲ. ಬಣ್ಣ ಓದುವುದು ಕಷ್ಟವಾಗಿದೆ. ಅಲ್ಲದೆ ಪ್ಲಗ್ ಹೇಳುವುದು ಆಗಿಹೋದ ಸುದ್ದಿ. ಸವಾರನಿಗೆ ಬೇಕಾದ್ದು ಈಗ ಆಗುತ್ತಿರುವ ಸುದ್ದಿ.

ಥರ್ಮೊಕಪಲ್

ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ಇನ್ನೊಂದು ತುದಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಈ ಪರಿಣಾಮವನ್ನು 1821ರಲ್ಲಿ ಗುರುತಿಸಿದವನು ಥಾಮಸ್ ಯೋಹಾನ್ ಜೇಬೆಕ್. ಸ್ಕೂಟರುಗಳಿಗೆ ಹೆಚ್ಚಾಗಿ ಬಳಸುವ ‘ಕೆ’ ಮಾದರಿಯಲ್ಲಿ ಎರಡು ತಂತಿಗಳೂ ನಿಕಲ್ ಮಿಶ್ರಲೋಹದವು. ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. 600 ಡಿಗ್ರಿಯ ಹೊಗೆಯಲ್ಲಿಟ್ಟರೂ ಬರುವುದು 25 ಮಿಲಿವೋಲ್ಟ್‌ನಷ್ಟು. ಇಷ್ಟು ಕ್ಷೀಣ ಸಂಕೇತವನ್ನು, ಸಾವಿರಾರು ವೋಲ್ಟ್ ಹರಿಯುವ ಪ್ಲಗ್ ವೈರಿನ ಪಕ್ಕದಲ್ಲೇ ಹಾಯಿಸಿದರೆ ಮೀಟರಿನ ಅಂಕಿ ಹುಚ್ಚು ಹಿಡಿದಂತೆ ಕುಣಿಯುತ್ತದೆ. ವೈರನ್ನು ದೂರ ಒಯ್ಯುವುದು, ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕುವುದು ಇದಕ್ಕೆ ಮದ್ದು.

ಥರ್ಮೊಕಪಲ್ ಅಳೆಯುವುದು ಎರಡು ತುದಿಗಳ ಕಾವಿನ ವ್ಯತ್ಯಾಸವನ್ನು ಮಾತ್ರ. ತಂಪು ತುದಿಯ ಕಾವನ್ನು ಮೀಟರು ತನ್ನೊಳಗೇ ಅಳೆದು ಅದಕ್ಕೆ ಕೂಡಿಸುತ್ತದೆ. ಇಲ್ಲೊಂದು ಹಳ್ಳವಿದೆ, ಬಹಳ ಜನ ಬೀಳುತ್ತಾರೆ. ವೈರ್ ಹ್ಯಾಂಡಲ್‌ವರೆಗೆ ಸಾಲಲಿಲ್ಲವೆಂದು ಮಧ್ಯೆ ಸಾಮಾನ್ಯ ತಾಮ್ರದ ವೈರ್ ಸೇರಿಸುತ್ತಾರೆ. ಆಗ ತಂಪು ತುದಿ ಮೀಟರಿನಲ್ಲಲ್ಲ, ಆ ಜೋಡಣೆಯಲ್ಲಿ ಬಂದು ಕೂರುತ್ತದೆ. ಜೋಡಣೆ ಸಿಲಿಂಡರ್ ಕವರಿನ ಬಳಿ 70 ಡಿಗ್ರಿಯಲ್ಲಿದ್ದು ಹ್ಯಾಂಡಲ್ ಮೇಲಿನ ಮೀಟರು 30 ಡಿಗ್ರಿಯಲ್ಲಿದ್ದರೆ, ಹೆಡ್ಡಿನ ನಿಜವಾದ 210 ಮೀಟರಿನಲ್ಲಿ 170 ಎಂದು ಕಾಣುತ್ತದೆ. ತಪ್ಪು ಆಗುವುದಷ್ಟೇ ಅಲ್ಲ, ಸವಾರನಿಗೆ ಧೈರ್ಯ ತುಂಬುವ ಕಡೆಗೇ ಆಗುತ್ತದೆ.

ಹೆಡ್ಡಿನ ಕಾವಿಗೆ ಪ್ಲಗ್ಗಿನ ಬುಡದಲ್ಲಿ ವಾಷರಿನಂತೆ ಕೂರುವ ಉಂಗುರ ಸಿಗುತ್ತದೆ. ಪ್ಲಗ್ಗಿನ ಮೂಲ ವಾಷರ್ ತೆಗೆದು ಅದರ ಜಾಗದಲ್ಲಿ ಇದನ್ನು ಹಾಕಬೇಕು; ಎರಡನ್ನೂ ಒಂದರ ಮೇಲೊಂದು ಹಾಕಿದರೆ ಪ್ಲಗ್ ಮೇಲಕ್ಕೆದ್ದು ಕುಳಿತುಕೊಳ್ಳುತ್ತದೆ. ಉಂಗುರ ಸುಲಭ, ಆದರೆ ಫ್ಯಾನಿನ ಗಾಳಿ ಅದರ ಬಾಲಕ್ಕೆ ಬೀಸುವ ಜಾಗದಲ್ಲಿದ್ದರೆ ಅಂಕಿ ಕಡಿಮೆ ತೋರಿಸುತ್ತದೆ. ಹೆಡ್ಡಿನಲ್ಲೇ ಸಣ್ಣ ಕುಳಿ ಕೊರೆದು ಉರಿಗೋಣೆಯ ಹತ್ತಿರ ಕೂರಿಸಿದ ಸೆನ್ಸರ್ ಅದೇ ಎಂಜಿನ್ನಿನಲ್ಲಿ ಹತ್ತಾರು ಡಿಗ್ರಿ ಹೆಚ್ಚು ಹೇಳಬಹುದು. ‘ನನ್ನ ಗಾಡಿ 160ರಲ್ಲಿ ಓಡುತ್ತೆ, ನಿನ್ನದು?’ ಎಂಬ ಹೋಲಿಕೆಗೆ ಆದ್ದರಿಂದ ಅರ್ಥವಿಲ್ಲ. ಸೆನ್ಸರ್ ಎಲ್ಲಿ ಕೂತಿದೆ ಎಂದು ಹೇಳದ ಅಂಕಿ ವಿಳಾಸವಿಲ್ಲದ ಕಾಗದದಂತೆ.

ಅಗ್ಗದ ಇನ್‌ಫ್ರಾರೆಡ್ ಗನ್ ಹಿಡಿದು ಹೆಡ್ಡಿಗೆ ಗುರಿಯಿಟ್ಟು ನೋಡುವವರೂ ಇದ್ದಾರೆ. ಹೊಳೆಯುವ ಅಲ್ಯೂಮಿನಿಯಂ ತನ್ನ ಕಾವಿಗೆ ತಕ್ಕಷ್ಟು ಕಿರಣ ಸೂಸುವುದೇ ಇಲ್ಲ, ಗನ್ ಮೋಸಹೋಗುತ್ತದೆ. ಕಾವು ತಡೆಯುವ ಕಪ್ಪು ಬಣ್ಣವನ್ನು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಬಳಿದು ಅಲ್ಲಿಗೆ ಗುರಿಯಿಟ್ಟರೆ ಸುಮಾರಾಗಿ ನಂಬಬಹುದು.

ಹೊಗೆಯ ಕಾವಿಗೆ ಸೈಲೆನ್ಸರ್ ಪೈಪಿನಲ್ಲಿ, ಪೋರ್ಟಿನಿಂದ 10ರಿಂದ 15 ಸೆಂ.ಮೀ. ದೂರದಲ್ಲಿ, ತೂತು ಕೊರೆದು ನಟ್ ಬೆಸೆದು ಸೂಜಿಯಂಥ ಸೆನ್ಸರನ್ನು ಹೊಗೆಯ ಹರಿವಿನ ನಟ್ಟನಡುವೆ ನಿಲ್ಲಿಸುತ್ತಾರೆ. ಹೆಡ್ಡಿನ ಉಂಗುರ ನಿಧಾನ. ಲೋಹದ ದೊಡ್ಡ ಮುದ್ದೆ ಕಾದ ಮೇಲೆ ಅದು ಕಾಯಬೇಕು. ಹೊಗೆಯ ಸೂಜಿ ಒಂದೆರಡು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಪೂರ್ತಿ ರೇಸಿನಲ್ಲಿ ಹಠಾತ್ತನೆ ಪೆಟ್ರೋಲ್ ಸಾಲದೆ ಬಂದಾಗ ಕೂಗಿ ಹೇಳುವುದು ಈ ಸೂಜಿಯೇ. ಉಂಗುರಕ್ಕೆ ಸುದ್ದಿ ತಲುಪುವ ಹೊತ್ತಿಗೆ ಪಿಸ್ಟನ್ ಕಚ್ಚಿರಬಹುದು. ಘಾಟಿ ಹತ್ತುತ್ತ, ಟ್ರಾಫಿಕ್ಕಿನಲ್ಲಿ ನಿಂತು ಹೊರಡುತ್ತ ಅರ್ಧ ಗಂಟೆಯಲ್ಲಿ ಮೆಲ್ಲಗೆ ಏರುವ ಕಾವಿಗೆ ಮಾತ್ರ ಉಂಗುರವೇ ಸಾಕ್ಷಿ.

ಎರಡು ಸಾಕ್ಷಿಗಳ ಜಗಳ

ಗಾಳಿಯಿಂದ ತಣಿಯುವ ಸ್ಕೂಟರಿನಲ್ಲಿ ಪ್ಲಗ್ ಬುಡದ ಕಾವು ಸಾಮಾನ್ಯವಾಗಿ 120ರಿಂದ 180 ಡಿಗ್ರಿ, ಹೊಗೆಯ ಕಾವು ಪೂರ್ತಿ ರೇಸಿನಲ್ಲಿ 550ರಿಂದ 650 ಡಿಗ್ರಿ ಇರುತ್ತದೆ. ಟೂ ಸ್ಟ್ರೋಕಿನ ಕಾವನ್ನು ಇದಕ್ಕಿಂತ ಶ್ರದ್ಧೆಯಿಂದ ನೋಡಿಕೊಂಡವರು ಹಗುರ ವಿಮಾನದವರು. ಎಂಜಿನ್ ಕಚ್ಚಿದರೆ ರಸ್ತೆ ಪಕ್ಕ ನಿಲ್ಲಿಸುವ ಅನುಕೂಲ ಅವರಿಗಿಲ್ಲವಲ್ಲ. ಆಸ್ಟ್ರಿಯಾದ ರೊಟಾಕ್ಸ್ 503 ಎಂಬ ಫ್ಯಾನ್ ತಂಪಿನ ಎರಡು ಸಿಲಿಂಡರಿನ ಎಂಜಿನ್ನಿಗೆ ತಯಾರಕರು ಹೇಳುವ ಗರಿಷ್ಠ ಮಿತಿ ಹೆಡ್ಡಿಗೆ 250 ಡಿಗ್ರಿ, ಹೊಗೆಗೆ 650. ಸ್ಕೂಟರಿನವರು ಈ ಅಂಕಿಗಳನ್ನು ಎರವಲು ಪಡೆದರೂ ಹೆಡ್ಡಿನದನ್ನು ಹಾಗೇ ನಂಬಬಾರದು. ಕಬ್ಬಿಣದ ಸಿಲಿಂಡರಿನ ಹಳೆಯ ವೆಸ್ಪಾ 200 ದಾಟುವ ಮೊದಲೇ ನಿಧಾನಿಸುವುದು ಕ್ಷೇಮ.

ಮಿಶ್ರಣ ತೆಳುವಾದಂತೆ ಹೊಗೆಯ ಕಾವು ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ಅದು ಅರ್ಧ ಸತ್ಯ. ಗಾಳಿ ಮತ್ತು ಪೆಟ್ರೋಲ್ ಸರಿಸಮ ಉರಿಯುವ ಹಂತದ ಬಳಿ ಕಾವು ಶಿಖರ ಮುಟ್ಟುತ್ತದೆ; ಅದಕ್ಕಿಂತಲೂ ತೆಳುವಾದರೆ ಮತ್ತೆ ಇಳಿಯುತ್ತದೆ. ಮೀಟರಿನಲ್ಲಿ 600 ಕಂಡರೆ ಶಿಖರದ ಈಚೆ ಇದ್ದೇವೆಯೋ ಆಚೆ ಇಳಿದಿದ್ದೇವೆಯೋ ಅಂಕಿಯೊಂದರಿಂದಲೇ ಹೇಳಲಾಗದು. ಅನುಭವಿಗಳು ಯಾವಾಗಲೂ ಅತಿ ದೊಡ್ಡ ಜೆಟ್ಟಿನಿಂದ ಶುರುಮಾಡಿ ಒಂದೊಂದೇ ಅಂಕಿ ಇಳಿಸುತ್ತ ಬರುವುದು ಅದಕ್ಕೇ. ಚಲಿಸುತ್ತಿರುವಾಗ ಚೋಕ್ ಅರೆಕ್ಷಣ ಎಳೆದು ನೋಡುವುದೂ ಒಂದು ಉಪಾಯ: ಹೆಚ್ಚು ಪೆಟ್ರೋಲ್ ಸಿಕ್ಕಾಗ ಎಂಜಿನ್ ಮಂಕಾಗಿ ಕಾವು ಇಳಿದರೆ ಮಿಶ್ರಣ ಗಟ್ಟಿಯ ಕಡೆಗಿದೆ, ಎಂಜಿನ್ ಚುರುಕಾದರೆ ತೆಳುವಿನ ಕಡೆಗಿದೆ, ಕೂಡಲೇ ರೇಸ್ ಇಳಿಸಬೇಕು.

ಟೈಮಿಂಗ್ ವಿಷಯಕ್ಕೆ ಬಂದರೆ ಇಬ್ಬರು ಸಾಕ್ಷಿಗಳೂ ಎದುರುಬದುರಾಗುತ್ತಾರೆ. ಕಿಡಿ ಬೇಗ ಹೊತ್ತಿಸಿದರೆ ಬೆಂಕಿ ಸಿಲಿಂಡರಿನೊಳಗೇ ಹೆಚ್ಚು ಹೊತ್ತು ಇರುತ್ತದೆ: ಹೆಡ್ ಕಾಯುತ್ತದೆ, ಹೊಗೆ ತಣ್ಣಗಾಗುತ್ತದೆ. ತಡಮಾಡಿದರೆ ಉರಿ ಇನ್ನೂ ಮುಗಿಯದೆ ಪೈಪಿಗೆ ಹೋಗುತ್ತದೆ: ಹೆಡ್ ತಂಪು, ಹೊಗೆ ಬಿಸಿ. ನಾಕಿಂಗ್ ಆದಾಗಲೂ ಅಷ್ಟೇ, ಹೆಡ್ಡಿನ ಮುಳ್ಳು ಏರುತ್ತಿರುವಾಗಲೇ ಹೊಗೆಯ ಮುಳ್ಳು ಕುಸಿಯುತ್ತದೆ. ಹೊಗೆಯದೊಂದೇ ಮೀಟರ್ ಇಟ್ಟುಕೊಂಡವನು ‘ಅಬ್ಬ, ತಣ್ಣಗಾಯ್ತು’ ಎಂದು ಇನ್ನಷ್ಟು ರೇಸ್ ಕೊಡುವ ಅಪಾಯ ಇಲ್ಲಿದೆ. ಒಂದೇ ಮೀಟರಿಗೆ ಹಣವಿದ್ದರೆ, ದಿನನಿತ್ಯ ಓಡಿಸುವ ಗಾಡಿಗೆ ಹೆಡ್ಡಿನದನ್ನೂ, ಜೆಟ್ ಹೊಂದಿಸುವ ಕೆಲಸಕ್ಕೆ ಹೊಗೆಯದನ್ನೂ ಆರಿಸುವುದು ಈ ಲೇಖಕನ ಒಲವು.

ಹೊಗೆಯ ಕಾವಿಗೆ ಇನ್ನೊಂದು ಬೆಲೆಯಿದೆ. ಟ್ಯೂನ್ ಮಾಡಿದ ಸ್ಕೂಟರುಗಳ ಹೊಟ್ಟೆ ಉಬ್ಬಿದ ಸೈಲೆನ್ಸರ್ ನಿಜಕ್ಕೂ ಒಂದು ವಾದ್ಯ. ಅದರೊಳಗೆ ಹೋಗಿ ಮರಳುವ ಶಬ್ದದ ಅಲೆ, ಹೊರಗೆ ಚೆಲ್ಲಿಹೋದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದಕ್ಕೆ ತಳ್ಳುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಇದನ್ನು ಶಾಸ್ತ್ರವಾಗಿಸಿದ. 1961ರಲ್ಲಿ ಅವನ 125 ಸಿಸಿ ರೇಸ್ ಎಂಜಿನ್ 25 ಕುದುರೆಶಕ್ತಿ ಕೊಟ್ಟಿತು. ಅದೇ ವರ್ಷ ಅವನ ಸವಾರ ಅರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಹೋಗಿ ಜಪಾನಿನ ಸುಝುಕಿಯನ್ನು ಸೇರಿದ, ವಿದ್ಯೆಯೂ ಜೊತೆಗೆ ಹೋಯಿತು. ಶಬ್ದದ ವೇಗ ಕಾವಿನ ಮೇಲೆ ನಿಂತಿದೆ: ಸಾಮಾನ್ಯ ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರಿನಷ್ಟಿದ್ದರೆ 600 ಡಿಗ್ರಿಯ ಹೊಗೆಯಲ್ಲಿ 590ರ ಹತ್ತಿರ. ಹೊಗೆ ತಣ್ಣಗಿದ್ದರೆ ಅಲೆ ತಡವಾಗಿ ಮರಳಿ, ಪೈಪು ಮೈದುಂಬುವ ವೇಗವೇ ಕೆಳಗಿಳಿಯುತ್ತದೆ. ಅತಿ ಗಟ್ಟಿಮಿಶ್ರಣದಲ್ಲಿ ಗಾಡಿ ‘ಎಳೆಯುವುದೇ ಇಲ್ಲ’ ಎನ್ನುವುದರ ಹಿಂದೆ ಇದೂ ಒಂದು ಕಾರಣ.

ನೀರಿನಿಂದ ತಣಿಸುವ 50 ಸಿಸಿ ಆಟೋಮ್ಯಾಟಿಕ್ ಸ್ಕೂಟರುಗಳು ಯುರೋಪಿನಲ್ಲಿ ಹುಡುಗರ ನೆಚ್ಚಿನ ಗಾಡಿಗಳು. ಅವುಗಳಲ್ಲಿ ನೀರಿನ ಕಾವನ್ನೇ ಅಳೆದರೆ ಬಹುಮಟ್ಟಿಗೆ ಸಾಕು. ನೀರು ಸೋರಿ ಸೆನ್ಸರ್ ಬರಿ ಹಬೆಯಲ್ಲಿ ನಿಂತಾಗ ಮಾತ್ರ ಅಂಕಿ ತಪ್ಪಾಗುತ್ತದೆ.

ರಸ್ತೆಯ ಮೇಲೆ

ಮೀಟರ್ ಹಾಕಿದ ಮೊದಲ ವಾರ ಮಾಡಬೇಕಾದ ಕೆಲಸ ಒಂದು ನೋಟ್‌ಬುಕ್ ಇಡುವುದು. ಯಾವ ಗೇರು, ಎಷ್ಟು ವೇಗ, ಒಬ್ಬರೇ ಅಥವಾ ಇಬ್ಬರೇ, ಹೊರಗಿನ ಸೆಕೆ ಎಷ್ಟು, ಅಂಕಿ ಎಷ್ಟು. ಒಂದೇ ರಸ್ತೆಯ ಒಂದೇ ಏರಿನಲ್ಲಿ ಪ್ರತಿಸಲ 165ರ ಬಳಿ ನಿಲ್ಲುತ್ತಿದ್ದ ಮುಳ್ಳು ಒಂದು ದಿನ 180 ತೋರಿಸಿದರೆ, 180 ಎಂಬುದು ಪುಸ್ತಕದ ಪ್ರಕಾರ ಅಪಾಯವಲ್ಲದಿದ್ದರೂ ಏನೋ ಬದಲಾಗಿದೆ. ಪ್ಯಾಕಿಂಗ್ ಸೋರುತ್ತಿರಬಹುದು, ಫಿನ್ನುಗಳ ನಡುವೆ ಎಣ್ಣೆ ಮತ್ತು ಧೂಳು ಹೆಪ್ಪುಗಟ್ಟಿರಬಹುದು, ಸರ್ವಿಸಿಗೆ ಬಿಟ್ಟಾಗ ಫ್ಯಾನ್ ಕವರಿನ ಸ್ಕ್ರೂ ಹಾಕದೆ ಬಿಟ್ಟಿರಬಹುದು. ಏರುವ ವೇಗವನ್ನೂ ನೋಡಬೇಕು. ಹತ್ತು ನಿಮಿಷದಲ್ಲಿ 15 ಡಿಗ್ರಿ ಏರುವುದು ಬೇರೆ, ಹತ್ತು ಸೆಕೆಂಡಿನಲ್ಲಿ ಏರುವುದು ಬೇರೆ.

ಮುಳ್ಳು ಏರಿದಾಗ ಹೊಸಬರ ಮೊದಲ ಪ್ರತಿಕ್ರಿಯೆ ಆಕ್ಸಿಲರೇಟರನ್ನು ಫಟ್ಟನೆ ಮುಚ್ಚುವುದು. ಗಾಡಿಯ ಓಟವೇ ಎಂಜಿನ್ನನ್ನು ತಿರುಗಿಸುತ್ತಿರುವಾಗ ಹೀಗೆ ಮುಚ್ಚಿದರೆ ಪೆಟ್ರೋಲಿನ ಜೊತೆ ಬರುತ್ತಿದ್ದ ಎಣ್ಣೆಯೂ ನಿಲ್ಲುತ್ತದೆ. ಕಾದ ಪಿಸ್ಟನ್ ಒಣಗಿದ ಗೋಡೆಗೆ ಉಜ್ಜುತ್ತದೆ. ಆಗುಂಬೆಯಂಥ ಉದ್ದದ ಇಳಿಜಾರಿನಲ್ಲಿ ರೇಸ್ ಬಿಟ್ಟು ಗೇರಿನಲ್ಲೇ ಇಳಿಯುವವರಿಗೂ ಇದೇ ಅಪಾಯ. ಕ್ಲಚ್ ಹಿಡಿದು, ರೇಸನ್ನು ಮೆಲ್ಲಗೆ ಇಳಿಸಿ, ಬೇಕಾದರೆ ಚೋಕ್ ಎಳೆದು ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕುಡಿಸುವುದು ಸರಿಯಾದ ದಾರಿ. ಹಳೆಯ ಸವಾರರ ಎಡಗೈಯ ಎರಡು ಬೆರಳು ಸದಾ ಕ್ಲಚ್ ಲಿವರಿನ ಮೇಲೆ ಇರುತ್ತಿದ್ದವು. ಹಿಂಚಕ್ರ ಹಿಡಿದ ಕ್ಷಣದಲ್ಲಿ ಆ ಬೆರಳುಗಳೇ ಬೀಳದಂತೆ ಕಾಪಾಡುತ್ತಿದ್ದವು. ನಿಲ್ಲಿಸಿದ ಮೇಲೆ ಹೆಡ್ಡಿನ ಅಂಕಿ ಇನ್ನೂ ಹತ್ತಿಪ್ಪತ್ತು ಡಿಗ್ರಿ ಏರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಫ್ಯಾನ್ ನಿಂತಿದೆ, ಸಿಲಿಂಡರಿನ ಆಳದ ಕಾವು ಹೊರಕ್ಕೆ ಬರುತ್ತಿದೆ, ಅಷ್ಟೇ. ಅದಕ್ಕೆ ನೀರು ಸುರಿಯುವುದು ಮಾತ್ರ ಬೇಡ.

ಹವಾಮಾನ ಮತ್ತು ಪೆಟ್ರೋಲು

ತಣ್ಣನೆ ಗಾಳಿ ದಟ್ಟ, ಬಿಸಿಗಾಳಿ ವಿರಳ. ಏಪ್ರಿಲ್ ಮಧ್ಯಾಹ್ನ ಸರಿಹೊಂದಿಸಿದ ಜೆಟ್ ಡಿಸೆಂಬರಿನ ಮುಂಜಾನೆ ತೆಳುವಾಗುತ್ತದೆ. ಸೀಜ್ ಆಗುವುದು ಬೇಸಿಗೆಯ ರೋಗವೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೆಟ್ಟ ಹತ್ತಿದಂತೆ ಗಾಳಿ ವಿರಳವಾಗಿ ಮಿಶ್ರಣ ಗಟ್ಟಿಯಾಗುತ್ತದೆ. ಹಾಗಾಗಿ ಮಡಿಕೇರಿಯಲ್ಲಿ ಜೆಟ್ ಹೊಂದಿಸಿಕೊಂಡು ಮಂಗಳೂರಿಗೆ ಇಳಿಯುವವನು ಒಂದೆರಡು ಅಂಕಿ ದೊಡ್ಡ ಜೆಟ್ಟನ್ನು ಜೇಬಿನಲ್ಲಿಟ್ಟುಕೊಂಡಿರಬೇಕು.

ಈಚೆಗೆ ಸೇರಿಕೊಂಡ ಹೊಸ ಲೆಕ್ಕ ಎಥನಾಲಿನದು. 20% ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಈ ಮಿಶ್ರಣ ಉರಿಯಲು ಬೇಕಾದ ಗಾಳಿ 14.7 ಭಾಗದಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಜೆಟ್ ಬದಲಿಸದ ಹಳೆಯ ಚೇತಕ್ಕಿನ ಎಂಜಿನ್ ತನಗರಿವಿಲ್ಲದೆಯೇ ಏಳೆಂಟು ಪರ್ಸೆಂಟು ತೆಳುವಾಗಿ ಓಡುತ್ತದೆ. ಎಥನಾಲ್ ಆವಿಯಾಗುವಾಗ ಹೆಚ್ಚು ಕಾವು ಹೀರುವುದರಿಂದಲೂ, ನಾಕಿಂಗನ್ನು ತಡೆಯುವುದರಿಂದಲೂ ಸ್ವಲ್ಪ ಪರಿಹಾರ ಸಿಗುತ್ತದೆ. ಕಾರ್ಖಾನೆಯ ಸ್ಥಿತಿಯಲ್ಲಿರುವ ಗಾಡಿಗೆ ಅಷ್ಟು ಅಂಚು ಇದೆ. ಮೊದಲೇ ಕೂದಲಂಚಿನಲ್ಲಿ ನಿಲ್ಲಿಸಿದ ಟ್ಯೂನ್ ಗಾಡಿಗೆ ಇಲ್ಲ. ನೀರು ಸೇರಿದರೆ ಎಥನಾಲ್ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಸ್ಕೂಟರಿನ ಟ್ಯಾಂಕನ್ನು ಖಾಲಿ ಮಾಡದೆ ಹೊರಡುವುದು ಜೂಜು.

ಮೀಟರನ್ನೇ ಪರೀಕ್ಷಿಸುವುದು

ವರ್ಷಕ್ಕೊಮ್ಮೆಯಾದರೂ ಸೆನ್ಸರ್ ಬಿಚ್ಚಿ ಅದು ಹೇಳುವುದು ನಿಜವೇ ಎಂದು ನೋಡಬೇಕು. ಅಡುಗೆಮನೆಯೇ ಪ್ರಯೋಗಶಾಲೆ. ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಅದ್ದಿದರೆ ಸೊನ್ನೆ, ಕೊತಕೊತ ಕುದಿಯುವ ನೀರಿನಲ್ಲಿ ಅದ್ದಿದರೆ ನೂರು ತೋರಿಸಬೇಕೆಂಬುದು ಶಾಲೆಯ ಪಾಠ. ಮಂಗಳೂರು, ಕಾರವಾರಗಳಲ್ಲಿ ಈ ಪಾಠ ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎತ್ತರ 300 ಮೀಟರ್ ಹೆಚ್ಚಿದರೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಅಲ್ಲಿನ ಪಾತ್ರೆಯಲ್ಲಿ ಮೀಟರು 97 ತೋರಿಸಿದರೆ ಅದು ಸರಿಯಾಗಿಯೇ ಇದೆ, ತಿರುಗಿಸಿ ನೂರಕ್ಕೆ ಕೂರಿಸಬಾರದು.